ಸಾಲಿನೊಳಗಿನ ಚಿಹ್ನೆಗೂ ಬೇಕು ಒಂದು ಅಳತೆಗೋಲು
ತಂತ್ರಾಂಶ ಕೈಪಿಡಿಗಳ ಗುರುತು ಪದ್ಧತಿ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಒಂದು ತಂತ್ರಾಂಶವನ್ನು ಕೊಳ್ಳುವಾಗ ಉದ್ಯಮಿಗಳು ಅದರ ಸಾಮರ್ಥ್ಯ, ವೇಗ, ಸುರಕ್ಷತೆ ಹಾಗೂ ವಾರ್ಷಿಕ ನಿರ್ವಹಣಾ ವೆಚ್ಚಗಳನ್ನು ಕೂಲಂಕಷವಾಗಿ ಪರಿಶೀಲಿಸುವುದು ವಾಡಿಕೆ. ಆದರೆ ಅದರೊಂದಿಗೆ ಬರುವ ಕೈಪಿಡಿಯನ್ನು ಯಾವ ಪದ್ಧತಿಯಲ್ಲಿ ಬರೆಯಲಾಗಿದೆ ಎಂದು ವಿಚಾರಿಸುವವರು ವಿರಳ. ಕೈಪಿಡಿಯೆಂದರೆ ಸರಕಿನ ಜೊತೆಗೆ ಉಚಿತವಾಗಿ ಬರುವ ಹೊದಿಕೆ ಎಂಬ ಭಾವನೆ ಇನ್ನೂ ಅಳಿದಿಲ್ಲ. ತಂತ್ರಾಂಶವನ್ನು ಮಾರುವವರಲ್ಲಿಯೂ ಇದೇ ಧೋರಣೆ ಕಂಡುಬರುತ್ತದೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ಆರಂಭಿಸಿದಂದಿನಿಂದ ರಾಜ್ಯದ ತಂತ್ರಾಂಶ ಉದ್ಯಮ ಬೆಳೆದುಬಂದ ಪರಿ ಎಲ್ಲರಿಗೂ ತಿಳಿದಿರುವಂಥದೇ. ಆ ಉದ್ಯಮದ ಜೊತೆಯಲ್ಲಿಯೇ ತಾಂತ್ರಿಕ ಕೈಪಿಡಿಗಳನ್ನು ಬರೆಯುವ ಒಂದು ವೃತ್ತಿವರ್ಗವೂ ಬೆಳೆದಿದೆ. ಈ ವರ್ಗದ ದೈನಂದಿನ ಕೆಲಸದಲ್ಲಿ ಅತ್ಯಂತ ಸಣ್ಣದಾದ, ಆದರೆ ಅತ್ಯಂತ ಹೆಚ್ಚು ಬಾರಿ ಮರುಕಳಿಸುವ ಅಂಗವೇ ಸಾಲಿನೊಳಗಿನ ಗುರುತು. ಅದರ ವಿನ್ಯಾಸದಲ್ಲಾಗುವ ಸಣ್ಣ ದೋಷವೊಂದು ಗ್ರಾಹಕನ ಲೆಕ್ಕಪತ್ರದವರೆಗೂ ತಲುಪಬಲ್ಲುದು.

ಗುರುತೆಂದರೆ ಏನು?

ಬಿಲ್ಲು ತಯಾರಿಸುವ ತಂತ್ರಾಂಶವೊಂದರ ಕೈಪಿಡಿಯಲ್ಲಿ ಹೀಗೊಂದು ಸೂಚನೆಯಿದೆ ಎಂದು ಭಾವಿಸಬಹುದು: “ಲೆಕ್ಕ_ಮಾರ್ಚ್_ಹಳೆ ಎಂಬ ಕಡತವನ್ನು ತೆರೆದು, ತೆರಿಗೆಯ ಕಲಮಿನಲ್ಲಿ ಬೆಲೆ*ಪ್ರಮಾಣ*ದರ ಎಂಬ ಸೂತ್ರವನ್ನು ಬರೆದು, ಉಳಿಸು ಗುಂಡಿಯನ್ನು ಒತ್ತತಕ್ಕದ್ದು.” ಈ ಒಂದೇ ವಾಕ್ಯದಲ್ಲಿ ಮೂರು ಬಗೆಯ ಪದಗಳಿವೆ. ಒಂದು ಕಡತದ ಹೆಸರು, ಇನ್ನೊಂದು ಬಳಕೆದಾರನು ಇದ್ದಂತೆಯೇ ಟೈಪು ಮಾಡಬೇಕಾದ ಸೂತ್ರ, ಮತ್ತೊಂದು ಪರದೆಯ ಮೇಲಿನ ಗುಂಡಿಯ ಹೆಸರು. ಉಳಿದುದೆಲ್ಲ ಸಾಮಾನ್ಯ ಗದ್ಯ. ಈ ಭೇದವನ್ನು ಓದುಗನಿಗೂ ಮುದ್ರಿಸುವ ಯಂತ್ರಕ್ಕೂ ತಿಳಿಸುವುದಕ್ಕಾಗಿ ಬರಹಗಾರನು ಪದಗಳ ಆಚೀಚೆ ಇಡುವ ಸಣ್ಣ ಚಿಹ್ನೆಗಳೇ ಸಾಲಿನೊಳಗಿನ ಗುರುತುಗಳು. ಶೀರ್ಷಿಕೆ, ಕಂಡಿಕೆ, ಪಟ್ಟಿ ಮೊದಲಾದುವು ಪ್ರತ್ಯೇಕ ಸಾಲುಗಳಲ್ಲಿ ನಿಲ್ಲುವುದರಿಂದ ಅವುಗಳನ್ನು ಗುರುತಿಸುವುದು ಸುಲಭ. ಆದರೆ ಗದ್ಯದ ನಡುವೆಯೇ ಬರುವ ಚಿಹ್ನೆಯು ಗದ್ಯದ ಭಾಗವೇ ಅಥವಾ ಯಂತ್ರಕ್ಕೆ ನೀಡಿದ ಆದೇಶವೇ ಎಂಬುದನ್ನು ಪ್ರತಿ ಬಾರಿಯೂ ನಿರ್ಣಯಿಸಬೇಕಾಗುತ್ತದೆ. ವಿನ್ಯಾಸದ ನಿಜವಾದ ಕಷ್ಟವಿರುವುದು ಇಲ್ಲಿಯೇ.

ಮೇಲಿನ ವಾಕ್ಯವನ್ನು ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಮಾರ್ಕ್‌ಡೌನ್ ಪದ್ಧತಿಯಲ್ಲಿ ಯಾವ ಎಚ್ಚರಿಕೆಯನ್ನೂ ವಹಿಸದೆ ಬರೆದರೆ ಆಗುವುದನ್ನು ನೋಡಬಹುದು. ಆ ಪದ್ಧತಿಯಲ್ಲಿ ಒಂದು ಜೊತೆ ನಕ್ಷತ್ರ ಚಿಹ್ನೆಗಳ ನಡುವೆ ಬಂದ ಪದಕ್ಕೆ ಒತ್ತು ನೀಡಬೇಕೆಂಬ ಅರ್ಥವಿದೆ. ಆದ್ದರಿಂದ ಸೂತ್ರದ ಎರಡು ಗುಣಾಕಾರ ಚಿಹ್ನೆಗಳೂ ಮಾಯವಾಗಿ, ‘ಪ್ರಮಾಣ’ ಎಂಬ ಪದ ಓರೆಯಕ್ಷರದಲ್ಲಿ ಮುದ್ರಿತವಾಗುತ್ತದೆ. ಪದ್ಧತಿಯ ಮೂಲ ರೂಪದಲ್ಲಾದರೆ ಕಡತದ ಹೆಸರಿನ ಅಡಿಗೆರೆಗಳಿಗೂ ಇದೇ ಗತಿ. ಕೈಪಿಡಿಯ ಪುಟ ಅಂದವಾಗಿಯೇ ಕಾಣುತ್ತದೆ. ಯಂತ್ರವು ಯಾವ ದೋಷವನ್ನೂ ವರದಿ ಮಾಡುವುದಿಲ್ಲ. ಆದರೆ ಅದನ್ನು ನಂಬಿ ಟೈಪು ಮಾಡಿದ ಗುಮಾಸ್ತನಿಗೆ ಕಡತವೂ ಸಿಗುವುದಿಲ್ಲ, ತೆರಿಗೆಯೂ ಸರಿಬರುವುದಿಲ್ಲ. ಸದ್ದಿಲ್ಲದೆ ಆಗುವ ಇಂತಹ ತಪ್ಪುಗಳೇ ಅತಿ ದುಬಾರಿ ಎಂಬುದು ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ನಡೆದುಬಂದ ದಾರಿ

ಈ ಸಮಸ್ಯೆಗೆ ಪರಿಹಾರ ಹುಡುಕುವ ಯತ್ನ ಅರ್ಧ ಶತಮಾನಕ್ಕೂ ಹಳೆಯದು. 1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಅವರು ಜಿಎಂಎಲ್ ಎಂಬ ಗುರುತು ಭಾಷೆಯನ್ನು ರೂಪಿಸಿದರು. ಪದವು ಹೇಗೆ ಕಾಣಬೇಕು ಎಂಬುದಕ್ಕಿಂತ ಪದವು ಏನು ಎಂಬುದನ್ನು ಗುರುತಿಸಬೇಕೆಂಬುದು ಅದರ ತಿರುಳು. ಇದೇ ತತ್ತ್ವವು ಎಸ್‌ಜಿಎಂಎಲ್ ಆಗಿ ಬೆಳೆದು, 1986ರಲ್ಲಿ ಐಎಸ್ಒ 8879 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. 1991ರಲ್ಲಿ ಆರಂಭವಾದ ಡಾಕ್‌ಬುಕ್ ಈ ಮಾರ್ಗದಲ್ಲಿ ತಂತ್ರಾಂಶ ಕೈಪಿಡಿಗಳಿಗೆಂದೇ ಹುಟ್ಟಿಕೊಂಡ ವ್ಯವಸ್ಥೆ. ಕಡತದ ಹೆಸರಿಗೆ ಒಂದು ಗುರುತು, ಕಮಾಂಡಿಗೆ ಒಂದು, ಪರದೆಯ ಗುಂಡಿಗೆ ಮತ್ತೊಂದು, ಹೀಗೆ ಪ್ರತಿಯೊಂದಕ್ಕೂ ಅದು ಹೆಸರಿಟ್ಟಿತು. ಅದರಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಆದರೆ ಆರಂಭದ ಗುರುತು, ಮುಕ್ತಾಯದ ಗುರುತು ಎರಡನ್ನೂ ಪೂರ್ಣ ಹೆಸರಿನೊಂದಿಗೆ ಬರೆಯಬೇಕಾದುದರಿಂದ ಒಂದು ಪದವನ್ನು ಗುರುತಿಸಲು ಆ ಪದಕ್ಕಿಂತಲೂ ಉದ್ದದ ಆವರಣಗಳು ಬೇಕಾದವು.

ಮತ್ತೊಂದು ಮಾರ್ಗವು ಯುನಿಕ್ಸ್ ವ್ಯವಸ್ಥೆಯದು. ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಟ್ರಾಫ್ ಎಂಬ ಮುದ್ರಣ ತಂತ್ರಾಂಶದಲ್ಲಿ ಬ್ಯಾಕ್‌ಸ್ಲ್ಯಾಷ್ ಚಿಹ್ನೆಯ ಮುಂದೆ ಎರಡು ಅಕ್ಷರಗಳನ್ನಿಟ್ಟು ದಪ್ಪಕ್ಷರಕ್ಕೆ ಹೋಗುವುದೂ ಹಿಂತಿರುಗುವುದೂ ಸಾಧ್ಯವಿತ್ತು. ಬರೆಯುವುದು ಚುಟುಕಾಯಿತು, ಆದರೆ ಓದುವುದು ದುಸ್ತರವಾಯಿತು. ಹಿಂತಿರುಗುವ ಆದೇಶವನ್ನು ಮರೆತರೆ ಮುಂದಿನ ಗದ್ಯವೂ ದಪ್ಪಕ್ಷರದಲ್ಲಿಯೇ ಸಾಗುತ್ತಿತ್ತು. ಪರ್ಲ್ ಭಾಷೆಯ ಪಾಡ್ ಪದ್ಧತಿಯು ಒಂದು ದೊಡ್ಡಕ್ಷರದ ಮುಂದೆ ಕೋನಾವರಣವನ್ನಿಡುವ ಮಧ್ಯಮ ಮಾರ್ಗವನ್ನು ಹಿಡಿಯಿತು. ಆದರೆ ಅದೇ ಕೋನ ಚಿಹ್ನೆಯು ಪರ್ಲ್ ಭಾಷೆಯಲ್ಲಿ ಹೋಲಿಕೆಗೂ ಬಾಣದ ಗುರುತಿಗೂ ಬಳಕೆಯಲ್ಲಿತ್ತು. ಗುರುತಿನೊಳಗೆ ಆ ಚಿಹ್ನೆಯೇ ಬಂದಾಗ ಉಂಟಾಗುವ ಗೊಂದಲವನ್ನು ನಿವಾರಿಸಲು ಆವರಣವನ್ನು ಇಮ್ಮಡಿ, ಮುಮ್ಮಡಿಯಾಗಿ ಬರೆಯುವ ಅವಕಾಶವನ್ನು ತರುವಾಯ ಸೇರಿಸಬೇಕಾಯಿತು. ಯಾವ ವಿಷಯವನ್ನು ಕುರಿತು ಬರೆಯಲಾಗುತ್ತಿದೆಯೋ ಆ ವಿಷಯದಲ್ಲಿಯೇ ಪದೇ ಪದೇ ಬರುವ ಚಿಹ್ನೆಯನ್ನು ಗುರುತಿಗೆ ಆರಿಸಿಕೊಳ್ಳಬಾರದೆಂಬುದು ಇದರಿಂದ ದೊರೆತ ಪಾಠ.

ಎರಡು ಚಿಹ್ನೆ, ಹದಿನೇಳು ನಿಯಮ

2000ದ ನಂತರ ಸರಳ ಚಿಹ್ನೆಗಳ ಯುಗ ಆರಂಭವಾಯಿತು. ಡೇವಿಡ್ ಗುಡ್ಜರ್ ಅವರ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, 2002ರಲ್ಲಿ ಸ್ಟುವರ್ಟ್ ರಾಕ್‌ಹ್ಯಾಮ್ ಹೊರತಂದ ಆಸ್ಕಿಡಾಕ್, 2004ರಲ್ಲಿ ಜಾನ್ ಗ್ರೂಬರ್ ಅವರು ಆರನ್ ಸ್ವಾರ್ಟ್ಜ್ ಅವರ ನೆರವಿನಿಂದ ಪ್ರಕಟಿಸಿದ ಮಾರ್ಕ್‌ಡೌನ್ ಇವು ಒಂದರ ಹಿಂದೆ ಒಂದರಂತೆ ಬಂದವು. ಯಂತ್ರಕ್ಕೆ ಕೊಡುವ ಮೊದಲೇ ಬರಹವು ಮನುಷ್ಯನಿಗೆ ಓದಲು ಹಿತವಾಗಿರಬೇಕೆಂಬುದು ಇವೆಲ್ಲವುಗಳ ಆಶಯ. ಈ ಆಶಯ ಉದ್ಯಮದಲ್ಲಿ ಗೆದ್ದಿದೆ ಎಂಬುದರಲ್ಲಿ ಸಂಶಯವಿಲ್ಲ. ಪೈಥಾನ್ ಭಾಷೆಯ ಅಧಿಕೃತ ಕೈಪಿಡಿಯು 2008ರ ಹೊತ್ತಿಗೆ ಲೇಟೆಕ್ ಪದ್ಧತಿಯನ್ನು ಬಿಟ್ಟು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ಗೆ ಬಂದಿತು. ಲಿನಕ್ಸ್ ತಿರುಳಿನ ಕೈಪಿಡಿಗಳೂ 2016ರಿಂದ ಡಾಕ್‌ಬುಕ್ಕನ್ನು ತೊರೆದು ಅದೇ ಹಾದಿಯನ್ನು ಹಿಡಿದವು.

ಮಾರ್ಕ್‌ಡೌನ್ ಎಲ್ಲಕ್ಕಿಂತ ಸರಳವಾಗಿದ್ದುದರಿಂದ ಎಲ್ಲಕ್ಕಿಂತ ಹೆಚ್ಚು ಹರಡಿತು. ಆದರೆ ಸಂದಿಗ್ಧ ಸಂದರ್ಭಗಳಲ್ಲಿ ಏನಾಗಬೇಕೆಂಬುದನ್ನು ಅದರ ಮೂಲ ವಿವರಣೆಯು ಹೇಳಿರಲಿಲ್ಲ. ಪರಿಣಾಮವಾಗಿ ಪ್ರತಿಯೊಂದು ತಂತ್ರಾಂಶವೂ ತನಗೆ ತೋಚಿದಂತೆ ಅರ್ಥ ಮಾಡಿಕೊಂಡಿತು. ಒಂದೇ ಬರಹ ಒಂದೊಂದು ಕಡೆ ಒಂದೊಂದು ರೂಪದಲ್ಲಿ ಮುದ್ರಿತವಾಗತೊಡಗಿತು. ಸೇರು, ಮಣಗಳ ತೂಕ ಊರಿನಿಂದ ಊರಿಗೆ ಬೇರೆಯಾಗಿದ್ದ ಕಾಲವನ್ನು ಹಿರಿಯ ವರ್ತಕರ ಮನೆತನಗಳು ಮರೆತಿರಲಾರವು. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆಯು ಮೆಟ್ರಿಕ್ ಪದ್ಧತಿಯನ್ನು ತಂದು ಆ ಗೊಂದಲವನ್ನು ಕೊನೆಗಾಣಿಸಿತು. ಮಾರ್ಕ್‌ಡೌನ್‌ಗೂ ಅಂತಹುದೇ ಅಗತ್ಯ ಒದಗಿತು. ಜಾನ್ ಮ್ಯಾಕ್‌ಫಾರ್ಲೇನ್, ಜೆಫ್ ಆಟ್‌ವುಡ್ ಮೊದಲಾದವರು 2014ರಲ್ಲಿ ಕಾಮನ್‌ಮಾರ್ಕ್ ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಆರುನೂರಕ್ಕೂ ಹೆಚ್ಚು ಉದಾಹರಣೆಗಳು ಅದರಲ್ಲಿವೆ. ನಕ್ಷತ್ರ ಮತ್ತು ಅಡಿಗೆರೆ ಎಂಬ ಎರಡೇ ಚಿಹ್ನೆಗಳಿಂದ ಒತ್ತು ನೀಡುವ ವಿಧಾನವನ್ನು ವಿವರಿಸಲು ಹದಿನೇಳು ನಿಯಮಗಳು ಬೇಕಾದುವೆಂಬುದು ಅತ್ಯಂತ ಗಮನಾರ್ಹ. ಬರೆಯುವವನಿಗೆ ಸರಳವೆಂದು ತೋರಿದ್ದು ನಿಜದಲ್ಲಿ ಸರಳವಾಗಿರಲಿಲ್ಲ. ಅದರ ಕ್ಲಿಷ್ಟತೆಯು ಅದುವರೆಗೆ ಕಾಗದಕ್ಕೆ ಇಳಿದಿರಲಿಲ್ಲ, ಅಷ್ಟೆ.

ಹಾಗಿದ್ದರೂ ಲಿಖಿತ ನಿಯಮಾವಳಿಯ ಬೆಲೆ ಬಹುಬೇಗನೆ ಸಾಬೀತಾಯಿತು. ಜಾವಾ ಭಾಷೆಯಲ್ಲಿ ಕ್ರಮವಿಧಿಯೊಡನೆ ಬರೆಯುವ ವಿವರಣೆಗಳಿಗೆ ಎಚ್‌ಟಿಎಂಎಲ್ ಗುರುತುಗಳನ್ನೇ ಬಳಸುವ ಪರಿಪಾಠ ಮೊದಲಿನಿಂದಲೂ ಇದ್ದಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಜೆಡಿಕೆ 23ರಲ್ಲಿ ಅಲ್ಲಿಯೂ ಮಾರ್ಕ್‌ಡೌನ್‌ಗೆ ಅವಕಾಶ ದೊರೆಯಿತು. ಆಧಾರವಾಗಿ ಆರಿಸಿಕೊಂಡದ್ದು ಕಾಮನ್‌ಮಾರ್ಕ್ ನಿಯಮಾವಳಿಯನ್ನೇ.

ಕನ್ನಡದ ಪ್ರತ್ಯಯ ಎತ್ತುವ ಪ್ರಶ್ನೆ

ಈ ಪದ್ಧತಿಗಳೆಲ್ಲವೂ ಇಂಗ್ಲಿಷ್ ಗದ್ಯವನ್ನು ಎದುರಿಗಿಟ್ಟುಕೊಂಡು ರೂಪುಗೊಂಡವು. ಇಂಗ್ಲಿಷಿನಲ್ಲಿ ‘ರಲ್ಲಿ’, ‘ಇಂದ’, ‘ಗೆ’ ಎಂಬ ಅರ್ಥಗಳಿಗೆ ಬೇರೆ ಪದಗಳೇ ಇವೆ. ಗುರುತಿಸಿದ ಪದದ ಮುಂದೆ ಸಾಮಾನ್ಯವಾಗಿ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಬರುತ್ತದೆ. ಕನ್ನಡದ ಸ್ವಭಾವ ಬೇರೆ. ಇಲ್ಲಿ ವಿಭಕ್ತಿ ಪ್ರತ್ಯಯವು ನಾಮಪದಕ್ಕೆ ಅಂಟಿಕೊಂಡೇ ಬರಬೇಕು. ‘ಕಡತ’ ಎಂಬುದಕ್ಕೆ ಮಾತ್ರ ಒತ್ತು ನೀಡಿ ‘ಕಡತವನ್ನು’ ಎಂದು ಬರೆಯಬೇಕಾದರೆ ಮುಕ್ತಾಯದ ಚಿಹ್ನೆಯು ಪದದ ನಡುವೆಯೇ ನಿಲ್ಲಬೇಕಾಗುತ್ತದೆ.

ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಇದನ್ನು ಒಪ್ಪುವುದಿಲ್ಲ. ಮುಕ್ತಾಯದ ಚಿಹ್ನೆಯ ಮುಂದೆ ಖಾಲಿ ಜಾಗ ಅಥವಾ ವಿರಾಮ ಚಿಹ್ನೆ ಇರಲೇಬೇಕೆಂಬುದು ಅದರ ನಿಯಮ. ಕನ್ನಡದ ಬರಹಗಾರನು ಪ್ರತಿ ಪ್ರತ್ಯಯದ ಹಿಂದೆಯೂ ಒಂದು ಬ್ಯಾಕ್‌ಸ್ಲ್ಯಾಷ್ ಹಾಗೂ ಒಂದು ಖಾಲಿ ಜಾಗವನ್ನು ಬರೆಯಬೇಕು. ಮುದ್ರಣದಲ್ಲಿ ಅವೆರಡೂ ಅಳಿಸಿಹೋಗುತ್ತವೆ. ನೂರಾರು ಪುಟಗಳ ಕೈಪಿಡಿಯಲ್ಲಿ ಇದೊಂದು ಅನಗತ್ಯ ಸುಂಕ. ಆಸ್ಕಿಡಾಕ್ ಇದಕ್ಕಿಂತ ಉದಾರ. ಪದದ ಅಂಚಿನಲ್ಲಿ ಒಂಟಿ ಚಿಹ್ನೆ, ಪದದ ನಡುವೆ ಜೋಡಿ ಚಿಹ್ನೆ ಎಂಬ ಸ್ಪಷ್ಟ ಭೇದವನ್ನು ಅದು ಕಲ್ಪಿಸಿದೆ. ಕಾಮನ್‌ಮಾರ್ಕ್ ನಕ್ಷತ್ರ ಚಿಹ್ನೆಯನ್ನು ಪದದ ನಡುವೆ ಒಪ್ಪುತ್ತದೆ, ಅಡಿಗೆರೆಯನ್ನು ಒಪ್ಪುವುದಿಲ್ಲ. ಆದರೆ ಒತ್ತು ನೀಡಿದ ಭಾಗವು ಉದ್ಧರಣ ಚಿಹ್ನೆಯಲ್ಲಿಯೋ ಆವರಣದಲ್ಲಿಯೋ ಕೊನೆಗೊಂಡು ತಕ್ಷಣ ಪ್ರತ್ಯಯ ಬಂದರೆ, ಅಲ್ಲಿನ ನಕ್ಷತ್ರವನ್ನು ಅದು ಮುಕ್ತಾಯವೆಂದು ಪರಿಗಣಿಸದೆ ಹಾಗೆಯೇ ಮುದ್ರಿಸಿಬಿಡುತ್ತದೆ. ಪದಗಳ ನಡುವೆ ಜಾಗ ಬಿಡದ ಚೀನೀ ಮತ್ತು ಜಪಾನೀ ಭಾಷೆಗಳ ಬರಹಗಾರರೂ ಇದೇ ತೊಡಕನ್ನು ಅನುಭವಿಸುತ್ತಾರೆ.

ಇಲ್ಲಿಯೇ ನಿಜವಾದ ಇಕ್ಕಟ್ಟಿರುವುದು. ಪದದ ನಡುವೆ ಗುರುತಿಗೆ ಅವಕಾಶವಿತ್ತರೆ ‘ಬೆಲೆ*ಪ್ರಮಾಣ*ದರ’ದಂತಹ ಸೂತ್ರಗಳು ಕೆಡುತ್ತವೆ, ಅವಕಾಶವೀಯದಿದ್ದರೆ ಕನ್ನಡದ ಪ್ರತ್ಯಯಗಳು ಕೆಡುತ್ತವೆ. ಒಂದೇ ಚಿಹ್ನೆಯಿಂದ ಎರಡನ್ನೂ ತೃಪ್ತಿಪಡಿಸಲಾಗದು. ಕನ್ನಡದ ಬರಹಗಾರರು ಇದರಿಂದ ಪಾರಾಗಲು ಕಂಡುಕೊಳ್ಳಬಹುದಾದ ಉಪಾಯವೆಂದರೆ ಎಲ್ಲೆಡೆಯೂ ‘ಎಂಬ ಕಡತದಲ್ಲಿ’, ‘ಎಂಬುದನ್ನು’ ಎಂದು ಪ್ರತ್ಯಯವನ್ನು ದೂರ ಸರಿಸುವುದು. ಒಂದೆರಡು ಕಡೆ ಇದು ಸಹಜವಾಗಿಯೇ ಒಪ್ಪುತ್ತದೆ. ಪ್ರತಿ ಸಾಲಿನಲ್ಲಿಯೂ ಬಂದರೆ ಗದ್ಯವು ಕುಂಟತೊಡಗುತ್ತದೆ. ಚಿಹ್ನೆಯು ಭಾಷೆಗೆ ಬಾಗಬೇಕೇ ಹೊರತು ಭಾಷೆಯು ಚಿಹ್ನೆಗೆ ಬಾಗುವಂತಾಗಬಾರದು.

ಇನ್ನೊಂದು ಸೂಕ್ಷ್ಮವೂ ಇದೆ. ‘ಫೈಲ್’ ಎಂಬಂತೆ ವ್ಯಂಜನದಲ್ಲಿ ಕೊನೆಗೊಳ್ಳುವ ಪದಕ್ಕೆ ‘ನಲ್ಲಿ’ ಸೇರಿದಾಗ ಒತ್ತಕ್ಷರ ಮೂಡದಂತೆ ತಡೆಯಲು ಯೂನಿಕೋಡ್‌ನ ಅದೃಶ್ಯ ಅಕ್ಷರವೊಂದನ್ನು ನಡುವೆ ಇಡುವ ಪದ್ಧತಿಯಿದೆ. ಅದು ಗುರುತಿನ ಹೊರಗಿದ್ದರೆ ಕ್ಷೇಮ. ಗುರುತಿನ ಒಳಗೆ ಸೇರಿಹೋದರೆ, ಬಳಕೆದಾರನು ಕೈಪಿಡಿಯಿಂದ ಕಡತದ ಹೆಸರನ್ನು ನಕಲಿಸಿಕೊಂಡಾಗ ಆ ಅದೃಶ್ಯ ಅಕ್ಷರವೂ ಜೊತೆಗೆ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಮಾತ್ರ ಬೇರೆ ಬೇರೆ ಹೆಸರುಗಳು.

ಉತ್ತಮ ಪದ್ಧತಿಯ ಲಕ್ಷಣಗಳು

ಈ ಹಿನ್ನೆಲೆಯಲ್ಲಿ, ಹೊಸ ಪದ್ಧತಿಯನ್ನು ರೂಪಿಸುವವರೂ ಇರುವ ಪದ್ಧತಿಗಳಲ್ಲಿ ಒಂದನ್ನು ಆರಿಸುವವರೂ ಗಮನಿಸಬೇಕಾದ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ‘ಇದ್ದಂತೆಯೇ ಇರಲಿ’ ಎಂದು ಹೇಳುವ ಗುರುತು ಎಲ್ಲಕ್ಕಿಂತ ಬಲಿಷ್ಠವಾಗಿರಬೇಕು. ಕಡತದ ಹೆಸರು, ಸೂತ್ರ, ಕಮಾಂಡು ಇವು ಆ ಗುರುತಿನೊಳಗೆ ಬಂದ ಮೇಲೆ ಬೇರಾವ ಚಿಹ್ನೆಗೂ ಅಲ್ಲಿ ಅರ್ಥವಿರಬಾರದು. ಕಾಮನ್‌ಮಾರ್ಕ್‌ನಲ್ಲಿ ಬ್ಯಾಕ್‌ಟಿಕ್ ಚಿಹ್ನೆಯು ಈ ಕೆಲಸವನ್ನು ಮಾಡುತ್ತದೆ. ಅದರ ಮುಂದೆ ಪ್ರತ್ಯಯ ಅಂಟಿ ಬಂದರೂ ಅಡ್ಡಿಯಿಲ್ಲ. ಕೈಪಿಡಿಯ ಬರಹಗಾರನು ಒತ್ತು ನೀಡುವುದಕ್ಕಿಂತ ಮೊದಲು ಇದನ್ನು ರೂಢಿಸಿಕೊಂಡರೆ ಮೇಲೆ ಹೇಳಿದ ಇಕ್ಕಟ್ಟಿನ ಬಹುಭಾಗ ತಾನಾಗಿಯೇ ಕರಗುತ್ತದೆ.

ಎರಡನೆಯದಾಗಿ, ಸಂದೇಹ ಬಂದಾಗ ‘ಇಲ್ಲಿ ಆರಂಭ, ಇಲ್ಲಿ ಮುಕ್ತಾಯ’ ಎಂದು ನಿಸ್ಸಂದಿಗ್ಧವಾಗಿ ಹೇಳುವ ಮಾರ್ಗವೊಂದಿರಬೇಕು. ಕಾಮನ್‌ಮಾರ್ಕ್‌ನ ಕರ್ತೃಗಳಲ್ಲೊಬ್ಬರಾದ ಮ್ಯಾಕ್‌ಫಾರ್ಲೇನ್ ಅವರೇ 2022ರಲ್ಲಿ ಹೊರತಂದ ಜಾಟ್ ಎಂಬ ಪದ್ಧತಿಯಲ್ಲಿ ಒತ್ತಿನ ಚಿಹ್ನೆಗೆ ಪುಷ್ಪಾವರಣವನ್ನು ಜೋಡಿಸಿ ಇದನ್ನು ಸಾಧಿಸಲಾಗಿದೆ. ಸಾಮಾನ್ಯ ಸಂದರ್ಭಕ್ಕೆ ಚುಟುಕು ರೂಪ, ಅಪರೂಪದ ಸಂದರ್ಭಕ್ಕೆ ಪೂರ್ಣ ರೂಪ ಎಂಬ ಈ ವ್ಯವಸ್ಥೆ ಕನ್ನಡಕ್ಕೆ ಚೆನ್ನಾಗಿ ಹೊಂದುತ್ತದೆ.

ಮೂರನೆಯದಾಗಿ, ಅರ್ಥಸೂಚಕ ಗುರುತುಗಳಿಗೆ ಒಂದೇ ಒಂದು ಸಾಮಾನ್ಯ ರೂಪವಿರಬೇಕು. ಗುಂಡಿಗೊಂದು, ಕೀಲಿಗೊಂದು, ಕಡತಕ್ಕೊಂದು ಹೊಸ ಚಿಹ್ನೆಯನ್ನು ಹುಡುಕುತ್ತ ಹೋದರೆ ಕೀಲಿಮಣೆಯೇ ಸಾಲದಾದೀತು. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಪದಕ್ಕೆ ಅದರ ಪಾತ್ರದ ಹೆಸರನ್ನು ಜೋಡಿಸುವ ಒಂದೇ ವಿಧಾನದಿಂದ ಬೇಕಾದಷ್ಟು ಹೊಸ ಗುರುತುಗಳನ್ನು ಪಡೆಯಬಹುದು. ಮೂಲ ಮಾರ್ಕ್‌ಡೌನ್‌ನಲ್ಲಿ ಇಂತಹ ಮಾರ್ಗವಿಲ್ಲದಿದ್ದುದೇ ಅದರ ಹತ್ತಾರು ರೂಪಾಂತರಗಳಿಗೆ ಒಂದು ಪ್ರಮುಖ ಕಾರಣ.

ನಾಲ್ಕನೆಯದಾಗಿ, ಮುಚ್ಚದ ಗುರುತನ್ನು ಯಂತ್ರವು ಸುಮ್ಮನೆ ನುಂಗಬಾರದು. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಮುಕ್ತಾಯವಿಲ್ಲದ ಗುರುತನ್ನು ಕಂಡರೆ ಸಾಲಿನ ಸಂಖ್ಯೆಯೊಂದಿಗೆ ಎಚ್ಚರಿಕೆ ನೀಡುತ್ತದೆ. ಮಾರ್ಕ್‌ಡೌನ್‌ನಲ್ಲಿ ಯಾವ ಬರಹವೂ ತಪ್ಪಲ್ಲ; ಹಾಗಾಗಿ ಯಾವ ತಪ್ಪೂ ವರದಿಯಾಗುವುದಿಲ್ಲ. ಖಾಸಗಿ ಟಿಪ್ಪಣಿಗೆ ಈ ಉದಾರತೆ ಒಪ್ಪೀತು. ಗ್ರಾಹಕನ ಕೈಸೇರುವ ಕೈಪಿಡಿಗೆ ಒಪ್ಪದು.

ಆಕ್ಷೇಪಗಳು

ಪದಸಂಸ್ಕಾರಕ ತಂತ್ರಾಂಶಗಳಲ್ಲಿ ಗುಂಡಿ ಒತ್ತಿ ದಪ್ಪಕ್ಷರ ಮಾಡಬಹುದಾಗಿರುವಾಗ ಈ ಚಿಹ್ನೆಗಳ ಗೊಡವೆಯೇಕೆಂದು ಕೆಲವರು ಕೇಳುತ್ತಾರೆ. ಸುತ್ತೋಲೆ, ಪತ್ರಗಳಿಗೆ ಆ ಮಾತು ಸರಿ. ಆದರೆ ತಂತ್ರಾಂಶದ ಕೈಪಿಡಿಯು ತಂತ್ರಾಂಶದೊಡನೆಯೇ ದಿನದಿನವೂ ಬದಲಾಗುತ್ತದೆ. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರೆಂಬುದನ್ನು ಗಿಟ್‌ನಂತಹ ವ್ಯವಸ್ಥೆಯಲ್ಲಿ ಸಾಲುಸಾಲಾಗಿ ಹೋಲಿಸಿ ನೋಡಬೇಕಾದರೆ ಬರಹವು ಸಾದಾ ಪಠ್ಯವಾಗಿರುವುದೇ ಅನುಕೂಲ.

ಡಾಕ್‌ಬುಕ್‌ನಂತಹ ಪೂರ್ಣ ಗುರುತು ಭಾಷೆಯೇ ನಿರಪಾಯಕರವೆಂಬ ವಾದವೂ ಇದೆ. ತತ್ತ್ವದಲ್ಲಿ ಅದು ನಿಜ. ಆದರೆ ಕೆಲಸದ ಒತ್ತಡದಲ್ಲಿರುವ ಎಂಜಿನಿಯರನು ಕ್ಲಿಷ್ಟ ಪದ್ಧತಿಯಲ್ಲಿ ಬರೆಯುವುದಕ್ಕಿಂತ ಬರೆಯದಿರುವುದನ್ನೇ ಆರಿಸಿಕೊಳ್ಳುತ್ತಾನೆ.

ಕೃತಕ ಬುದ್ಧಿಮತ್ತೆಯ ಸಾಧನಗಳು ಇದೆಲ್ಲವನ್ನೂ ಸರಿಪಡಿಸಿಕೊಡುತ್ತವೆ ಎಂಬುದು ಇತ್ತೀಚಿನ ಭರವಸೆ. ಆ ಸಾಧನಗಳು ಕೂಡ ಬಹುಮಟ್ಟಿಗೆ ಮಾರ್ಕ್‌ಡೌನ್‌ನಲ್ಲಿಯೇ ಉತ್ತರ ಬರೆಯುತ್ತವೆ ಎಂಬುದನ್ನು ಮರೆಯುವಂತಿಲ್ಲ. ನಿಯಮವು ಸ್ಪಷ್ಟವಾಗಿಲ್ಲದಿದ್ದಲ್ಲಿ ಮನುಷ್ಯನಂತೆ ಯಂತ್ರವೂ ಊಹೆಯನ್ನೇ ಅವಲಂಬಿಸಬೇಕಾಗುತ್ತದೆ.

ಆಗಬೇಕಾದುದು

ತಂತ್ರಾಂಶವನ್ನು ತಯಾರಿಸುವ ಘಟಕಗಳು, ಅದರಲ್ಲಿಯೂ ಕನ್ನಡದಲ್ಲಿ ಕೈಪಿಡಿ ನೀಡಬಯಸುವ ಸಣ್ಣ ಘಟಕಗಳು, ಪದ್ಧತಿಯೊಂದನ್ನು ಆರಿಸುವ ಮೊದಲು ಹತ್ತು ಕನ್ನಡ ವಾಕ್ಯಗಳ ಪರೀಕ್ಷೆಯೊಂದನ್ನು ಏರ್ಪಡಿಸುವುದು ಒಳ್ಳೆಯದು. ಪ್ರತ್ಯಯ ಅಂಟಿದ ಪದ, ಅಡಿಗೆರೆಯುಳ್ಳ ಕಡತದ ಹೆಸರು, ಗುಣಾಕಾರ ಚಿಹ್ನೆಯುಳ್ಳ ಸೂತ್ರ, ಉದ್ಧರಣ ಚಿಹ್ನೆಯ ಮುಂದಿನ ಪ್ರತ್ಯಯ ಇವೆಲ್ಲವೂ ಆ ವಾಕ್ಯಗಳಲ್ಲಿರಲಿ. ಒಂದು ಮಧ್ಯಾಹ್ನದ ಈ ಶ್ರಮವು ಮುಂದೆ ಸಾವಿರಾರು ಪುಟಗಳ ಮರುಬರಹವನ್ನು ತಪ್ಪಿಸಬಲ್ಲುದು.

ತಂತ್ರಾಂಶವನ್ನು ಕೊಳ್ಳುವ ವರ್ತಕರ ಹಾಗೂ ಕೈಗಾರಿಕೋದ್ಯಮಿಗಳ ಪಾಲಿಗೂ ಇಲ್ಲೊಂದು ಕರ್ತವ್ಯವಿದೆ. ತಮಗಾಗಿಯೇ ತಂತ್ರಾಂಶವನ್ನು ಸಿದ್ಧಪಡಿಸಿಕೊಳ್ಳುವಾಗ ಮುದ್ರಿತ ಕೈಪಿಡಿಯ ಜೊತೆಗೆ ಅದರ ಮೂಲ ಪಠ್ಯವನ್ನೂ ಒಪ್ಪಿಸಬೇಕೆಂಬ ಷರತ್ತನ್ನು ಖರೀದಿ ಕರಾರಿನಲ್ಲಿ ಸೇರಿಸಬೇಕು. ಯಾವ ಗುರುತು ಪದ್ಧತಿ, ಅದರ ಯಾವ ರೂಪಾಂತರ, ಯಾವ ಆವೃತ್ತಿ ಎಂಬುದನ್ನೂ ನಮೂದಿಸಿಕೊಳ್ಳಬೇಕು. ಇದು ಅತಿರೇಕದ ಬೇಡಿಕೆಯೇನಲ್ಲ. 2016ರಲ್ಲಿ ಮಾರ್ಕ್‌ಡೌನ್ ಪಠ್ಯವನ್ನು ಅಂತರ್ಜಾಲದಲ್ಲಿ ರವಾನಿಸಲು ನಿಗದಿಯಾದ ಆರ್‌ಎಫ್‌ಸಿ 7763 ಎಂಬ ದಾಖಲೆಯಲ್ಲಿಯೇ ರೂಪಾಂತರದ ಹೆಸರನ್ನು ತಿಳಿಸುವುದಕ್ಕೆ ಅವಕಾಶವಿದೆ. ಮಾರಾಟಗಾರನು ಬದಲಾದರೂ ಕೈಪಿಡಿಯು ಕೊಂಡವನ ಆಸ್ತಿಯಾಗಿ ಉಳಿದು, ಬೇರೊಬ್ಬರು ಅದನ್ನು ತಿದ್ದಿ ಮುಂದುವರಿಸುವುದು ಇದರಿಂದ ಸಾಧ್ಯವಾಗುತ್ತದೆ.

ತಕ್ಕಡಿಯ ಬಟ್ಟು ಚಿಕ್ಕದೆಂದು ಯಾವ ವರ್ತಕನೂ ಅದನ್ನು ಅಲಕ್ಷಿಸುವುದಿಲ್ಲ. ಇಡೀ ವ್ಯಾಪಾರದ ನಂಬಿಕೆ ಅದರ ಮೇಲೆ ನಿಂತಿದೆ ಎಂಬುದನ್ನು ಅವನು ಬಲ್ಲ. ಕೈಪಿಡಿಯ ಸಾಲಿನಲ್ಲಿ ಅಡಗಿರುವ ನಕ್ಷತ್ರ, ಅಡಿಗೆರೆಗಳೂ ಅಂತಹ ಬಟ್ಟುಗಳೇ. ಅವುಗಳ ತೂಕ ಬರೆದವನಿಗೂ ಓದುವವನಿಗೂ ಯಂತ್ರಕ್ಕೂ ಒಂದೇ ಆಗಿರುವಂತೆ, ಆ ತೂಕದಲ್ಲಿ ಕನ್ನಡಕ್ಕೂ ನ್ಯಾಯ ದೊರೆಯುವಂತೆ ನೋಡಿಕೊಳ್ಳುವ ಹೊಣೆ ತಂತ್ರಜ್ಞರದಷ್ಟೇ ಅಲ್ಲ, ಅವರಿಂದ ಸರಕು ಕೊಳ್ಳುವ ಉದ್ಯಮಿಗಳದೂ ಆಗಿದೆ.